ಹಿಂಗಾರದ ಲೆಕ್ಕ, ಅಡಿಕೆಯ ಲೆಕ್ಕ

ತೋಟವನ್ನು ಗುತ್ತಿಗೆಗೆ ಹಿಡಿಯುವ ಅನುಭವಿಗಳು ಹಿಂಗಾರ ಕಂಡೊಡನೆ ಹಣ ಎಣಿಸುವುದಿಲ್ಲ. ಹೂ ಎಷ್ಟು ಉದುರೀತು, ಕಾಯಿ ಎಷ್ಟು ನಿಂತೀತು, ಕೊಳೆರೋಗಕ್ಕೆ ಎಷ್ಟು ಹೋದೀತು ಎಂದು ಯೋಚಿಸಿಯೇ ಮಾತು ಕೊಡುತ್ತಾರೆ. ಶೇರುಪೇಟೆಯಲ್ಲಿ ಮಾತ್ರ ಹಿಂಗಾರಕ್ಕೇ ಅಡಿಕೆಯ ಬೆಲೆ ಕೊಡುವವರಿದ್ದಾರೆ. ಅಮೆರಿಕದ ಜೂಮ್ ಕಂಪೆನಿಯ ಕಥೆ ಇದಕ್ಕೊಂದು ನಿದರ್ಶನ.

ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಈ ಹೆಸರು ನಮ್ಮ ಮನೆಗಳಿಗೂ ಬಂತು. ತಂತ್ರಾಂಶವನ್ನು ಒಮ್ಮೆಗೇ ಮಾರಿಬಿಡದೆ, ತನ್ನ ಯಂತ್ರಗಳಲ್ಲಿ ನಡೆಸುತ್ತಾ, ಬಳಸುವವರಿಂದ ತಿಂಗಳಿಗೋ ವರ್ಷಕ್ಕೋ ಬಾಡಿಗೆ ಪಡೆಯುವುದು ಇಂಥ ಕಂಪೆನಿಗಳ ಕ್ರಮ. ಆದರೆ 40 ನಿಮಿಷದೊಳಗೆ ಮುಗಿಯುವ ಸಭೆಗೆ ಜೂಮ್ ಬಾಡಿಗೆ ಕೇಳುತ್ತಿರಲಿಲ್ಲ. ನಾವು ಅಧ್ಯಾಪಕರೂ ಮಕ್ಕಳೂ ಒಂದು ಕಾಸು ತೆರದೆ ಅದನ್ನು ಬಳಸಿದೆವು.

2020ರ ಏಪ್ರಿಲಿನಲ್ಲಿ ಕಂಪೆನಿಯು ತನಗೆ ದಿನಕ್ಕೆ 30 ಕೋಟಿ ಬಳಕೆದಾರರಿದ್ದಾರೆಂದು ಹೇಳಿತು. ಬಳಿಕ ಅದನ್ನು ತಿದ್ದಿ, ಅದು ಸಭೆಗಳಲ್ಲಿ ಭಾಗವಹಿಸಿದವರ ಸಂಖ್ಯೆ ಎಂದಿತು. ಒಬ್ಬನೇ ಐದು ಸಭೆಗಳಲ್ಲಿ ಕುಳಿತರೆ ಐದು ಎಂದು ಲೆಕ್ಕ! ಹಾಜರಿ ಪುಸ್ತಕದಲ್ಲಿ ಹೀಗೆ ಬರೆದರೆ ಯಾವ ಇನ್ಸ್‌ಪೆಕ್ಟರರು ಒಪ್ಪಿಯಾರು?

ಪೇಟೆಗೆ ಮಾತ್ರ ಅದರ ಗೊಡವೆ ಇರಲಿಲ್ಲ. 2019ರಲ್ಲಿ 36 ಡಾಲರಿಗೆ ಬಿಡುಗಡೆಯಾಗಿದ್ದ ಶೇರು 2020ರ ಅಕ್ಟೋಬರಿನಲ್ಲಿ 568 ಡಾಲರಿಗೇರಿತು. ಆಗ ಇಡೀ ಕಂಪೆನಿಗೆ ಪೇಟೆ ಕಟ್ಟಿದ ಬೆಲೆಯು ಅದರ ಆ ವರ್ಷದ ಆದಾಯದ ಸುಮಾರು 60 ಪಟ್ಟು.

ಕಂಪೆನಿಗೆ ಆದಾಯವೇ ಇರಲಿಲ್ಲವೆಂದಲ್ಲ, ಲಾಭವೂ ಇತ್ತು. 2020ರ ಜನವರಿಗೆ ಮುಗಿದ ವರ್ಷದಲ್ಲಿ ಆದಾಯ 62 ಕೋಟಿ ಡಾಲರು; ಮರುವರ್ಷ 265 ಕೋಟಿ; ಅದರ ಮುಂದಿನ ವರ್ಷ 410 ಕೋಟಿ. ಆದರೆ 2023ರ ಜನವರಿಗೆ ಮುಗಿದ ವರ್ಷದಲ್ಲಿ ಅದು 439 ಕೋಟಿಗೆ ಬಂದು ನಿಂತಿತು, ಅಂದರೆ ನೂರಕ್ಕೆ ಏಳರಷ್ಟೇ ಹೆಚ್ಚಳ. ಶಾಲೆ, ಕಚೇರಿಗಳು ತೆರೆದಿದ್ದವು. ತಿಂಗಳ ಬಾಡಿಗೆಯ ಸಣ್ಣ ಗಿರಾಕಿಗಳು ಬಿಟ್ಟುಹೋದರು. ಮೈಕ್ರೋಸಾಫ್ಟ್, ಗೂಗಲ್‌ಗಳ ಪೈಪೋಟಿ ಬೇರೆ. 2022ರ ಕೊನೆಗೆ ಶೇರಿನ ಬೆಲೆ 70 ಡಾಲರಿಗಿಂತ ಕೆಳಗಿತ್ತು. ತುತ್ತತುದಿಯಲ್ಲಿ ನೂರು ರೂಪಾಯಿ ಹೂಡಿದವನ ಕೈಯಲ್ಲಿ ಉಳಿದದ್ದು ಹನ್ನೆರಡು. 2023ರ ಫೆಬ್ರವರಿಯಲ್ಲಿ ಸುಮಾರು 1,300 ಮಂದಿ ನೌಕರರೂ ಕೆಲಸ ಕಳೆದುಕೊಂಡರು.

ಗಮನಿಸಬೇಕಾದ್ದು ಇದು: ಆದಾಯ ಕುಸಿಯಲಿಲ್ಲ, ನಿರೀಕ್ಷೆ ಕುಸಿಯಿತು. ಆದುದರಿಂದಲೇ ಎಚ್ಚರಿಕೆಯ ಹೂಡಿಕೆದಾರರು ಇಂಥ ಕಂಪೆನಿಗಳ ಮುಂದೆ ಮೂರು ಪ್ರಶ್ನೆ ಇಡುತ್ತಾರೆ. ಬಳಸುವವರಲ್ಲಿ ಹಣ ಕೊಡುವವರೆಷ್ಟು? ಈ ವರ್ಷ ಕೊಟ್ಟವರಲ್ಲಿ ಮುಂದಿನ ವರ್ಷವೂ ಕೊಡುವವರೆಷ್ಟು? ಒಬ್ಬ ಗಿರಾಕಿಯನ್ನು ಹಿಡಿಯಲು ತಗಲುವ ಖರ್ಚೆಷ್ಟು?

ಇದು ಅಮೆರಿಕದವರ ಚಿಂತೆ ಮಾತ್ರವೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಮಕ್ಕಳು ಬೆಂಗಳೂರಿನಲ್ಲಿ ಇಂಥದೇ ಕಂಪೆನಿಗಳಲ್ಲಿ ದುಡಿಯುತ್ತಿದ್ದಾರೆ. ಅಡಿಕೆ ಮಾರಿದ ಹಣವೂ ಮ್ಯೂಚುವಲ್ ಫಂಡಿನ ದಾರಿಯಾಗಿ ಶೇರುಪೇಟೆ ಸೇರುತ್ತಿದೆ. ಕೆಲಸಕ್ಕೆ ಸೇರುವ ಮೊದಲು, ಹಣ ಹಾಕುವ ಮೊದಲು ಆ ಮೂರು ಪ್ರಶ್ನೆಗಳನ್ನು ನಾವೂ ಕೇಳೋಣ. ಅಂಗಳದಲ್ಲಿ ಒಣಗಿದ ಅಡಿಕೆಯನ್ನು ತೂಗಿ ಲೆಕ್ಕ ಬರೆಯುವ ನಮಗೆ ಇದೇನೂ ಹೊಸ ವಿದ್ಯೆಯಲ್ಲ.