ಸರಕು ಲಾರಿಗಳಲ್ಲಿ ಹೊರೆಯ ಕಟ್ಟು ಮತ್ತು ಹೊದಿಕೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳ ತುಂಗಭದ್ರಾ ಕಾಲುವೆ ಪ್ರದೇಶದಲ್ಲಿ ಮುಂಗಾರು ಭತ್ತದ ಕಟಾವು ನವೆಂಬರ್–ಡಿಸೆಂಬರ್ ತಿಂಗಳುಗಳಲ್ಲಿ ನಡೆಯುತ್ತದೆ. ಕಾಲುವೆಗೆ ನೀರು ದೊರೆತ ವರ್ಷಗಳಲ್ಲಿ ಬೇಸಿಗೆ ಬೆಳೆಯ ಕಟಾವು ಏಪ್ರಿಲ್–ಮೇ ತಿಂಗಳುಗಳಲ್ಲಿ ಬರುತ್ತದೆ. ಆ ದಿನಗಳಲ್ಲಿ ಭತ್ತವು ಅಕ್ಕಿ ಗಿರಣಿಗಳಿಗೆ, ಹೊಟ್ಟು ಇಟ್ಟಿಗೆ ಭಟ್ಟಿಗಳಿಗೆ, ಹುಲ್ಲು ಒಣಭೂಮಿಯ ಹಳ್ಳಿಗಳಿಗೆ ಸಾಗುತ್ತದೆ. ಬಳ್ಳಾರಿ ನಗರದ ಕಡೆಯಿಂದ ಕಬ್ಬಿಣದ ಸರಳು ಮತ್ತು ಕಟ್ಟಡ ಸಾಮಗ್ರಿಗಳ ಲಾರಿಗಳು ಬರುತ್ತವೆ. ಇದೇ ರಸ್ತೆಗಳಲ್ಲಿ ಶಾಲಾ ಮಕ್ಕಳು, ಕೂಲಿಕಾರರು ಹಾಗೂ ದ್ವಿಚಕ್ರ ವಾಹನ ಸವಾರರೂ ಓಡಾಡುತ್ತಾರೆ. ಹೊರೆ ಕಳಚಿ ಬಿದ್ದಾಗ ಪೆಟ್ಟು ತಿನ್ನುವವರು ಬಹುಪಾಲು ಲಾರಿಯ ಹಿಂದೆ ಬರುವ ಇವರೇ ಆಗಿರುತ್ತಾರೆ.

ಈ ಭಾಗದಲ್ಲಿ ಭತ್ತದ ವ್ಯಾಪಾರ 75 ಕಿಲೋ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಮೂರು ಮೀಟರ್ ಎತ್ತರದಿಂದ ಜಾರಿದ ಚೀಲವು ನೆಲ ಮುಟ್ಟುವಾಗ ಗಂಟೆಗೆ ಸುಮಾರು 27 ಕಿ.ಮೀ. ವೇಗದಲ್ಲಿರುತ್ತದೆ. ಹಿಂದೆ ಬರುವ ಸವಾರನಿಗೆ ಅದನ್ನು ತಪ್ಪಿಸಿಕೊಳ್ಳಲು ಅವಕಾಶವೇ ಇರುವುದಿಲ್ಲ. ಇಂತಹ ಅಪಘಾತವನ್ನು ತಡೆಯಬೇಕಾದ ಸ್ಥಳ ಹೆದ್ದಾರಿಯಲ್ಲ, ಹೊರೆ ಹೇರುವ ಜಾಗ. ಆ ಜಾಗ ಬಹುತೇಕ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿಯೇ ಇರುತ್ತದೆ.

1. ಹೊದಿಕೆ ಬೇರೆ, ಕಟ್ಟು ಬೇರೆ

ತಾಡಪಾಲು ಹೊದಿಸಿದರೆ ಹೊರೆ ಭದ್ರವಾಯಿತೆಂಬ ಭಾವನೆ ವ್ಯಾಪಕವಾಗಿದೆ. ಇದು ಸರಿಯಲ್ಲ. ತಾಡಪಾಲು ಧೂಳು, ಹೊಟ್ಟು, ಕಾಳು ಹಾರದಂತೆ ತಡೆಯುತ್ತದೆ ಮತ್ತು ಮಳೆಯಿಂದ ರಕ್ಷಿಸುತ್ತದೆ. ಭಾರವನ್ನು ಹಿಡಿದು ನಿಲ್ಲಿಸುವುದು ಹಗ್ಗ, ಬೆಲ್ಟ್ ಅಥವಾ ಸರಪಳಿ ಮಾತ್ರ.

ಲಾರಿ ಹಠಾತ್ತನೆ ನಿಂತಾಗ ಹೊರೆಯು ತನ್ನ ಓಟವನ್ನು ಮುಂದುವರಿಸಲು ಯತ್ನಿಸುತ್ತದೆ. ಯುರೋಪಿನ ದೇಶಗಳಲ್ಲಿ ಅನುಸರಿಸುವ ಅಳತೆಯಂತೆ, ಹೊರೆಯ ತೂಕದ ಶೇ. 80ರಷ್ಟು ಒತ್ತಡವನ್ನು ಮುಂದಕ್ಕೂ, ಶೇ. 50ರಷ್ಟು ಒತ್ತಡವನ್ನು ಪಕ್ಕಕ್ಕೂ ಹಿಂದಕ್ಕೂ ತಡೆಯುವಂತೆ ಕಟ್ಟು ಇರಬೇಕು. ಅಂದರೆ 10 ಟನ್ ಹೊರೆಗೆ ಮುಂದಕ್ಕೆ 8 ಟನ್ ಒತ್ತಡ. ಆದುದರಿಂದ ಹೊರೆಯು ಮುಂಭಾಗದ ಹಲಗೆಗೆ ತಾಗಿಯೇ ಇರತಕ್ಕದ್ದು. ನಡುವೆ ಖಾಲಿ ಜಾಗ ಬಿಟ್ಟರೆ ಹೊರೆ ಜಾರಿ ಬಂದು ಆ ಹಲಗೆಯನ್ನು ಗುದ್ದುತ್ತದೆ.

2. ಸರಕಿಗೆ ತಕ್ಕ ವಿಧಾನ

ಭತ್ತದ ಚೀಲಗಳು: ಗೋಡೆಗೆ ಇಟ್ಟಿಗೆ ಜೋಡಿಸುವಂತೆ, ಕೆಳಸಾಲಿನ ಎರಡು ಚೀಲಗಳ ಸಂದಿಯ ಮೇಲೆ ಮೇಲ್ಸಾಲಿನ ಚೀಲ ಬರಬೇಕು. ಮೇಲಿನ ಸಾಲುಗಳು ಒಳಮುಖವಾಗಿ ಕಿರಿದಾಗುತ್ತಾ ಹೋಗಬೇಕು. ಓಟದಲ್ಲಿ ಚೀಲಗಳು ಕುಗ್ಗಿ ಹಗ್ಗ ಸಡಿಲಗೊಳ್ಳುವುದರಿಂದ, ಹೊರಟ ಕೆಲವು ಕಿ.ಮೀ. ಬಳಿಕ ವಾಹನ ನಿಲ್ಲಿಸಿ ಮತ್ತೆ ಬಿಗಿಯುವುದು ಅವಶ್ಯಕ.

ಹೊಟ್ಟು ಮತ್ತು ಬೂದಿ: ಇವು ಹಗುರವಾದರೂ ಗಾಳಿಗೆ ಹಾರಿ ಸವಾರರ ಕಣ್ಣಿಗೆ ಬೀಳುತ್ತವೆ. ನಾಲ್ಕೂ ಕಡೆ ಹಲಗೆಯ ಕೆಳಗಿನವರೆಗೆ ಇಳಿಯುವಷ್ಟು ಅಗಲದ, ಹರಿದಿರದ ತಾಡಪಾಲು ಬೇಕು. ಎರಡು ತಾಡಪಾಲು ಬಳಸುವಾಗ ಮುಂದಿನದರ ಅಂಚು ಹಿಂದಿನದರ ಮೇಲೆ ಬರಬೇಕು. ತಿರುವುಮುರುವಾದರೆ ಗಾಳಿ ಸಂದಿಯಲ್ಲಿ ನುಗ್ಗಿ ಹೊದಿಕೆಯನ್ನೇ ಎತ್ತುತ್ತದೆ.

ಹುಲ್ಲು: ಇದರ ಅಪಾಯ ಎತ್ತರದಲ್ಲಿದೆ. ರಸ್ತೆಯನ್ನು ದಾಟುವ ವಿದ್ಯುತ್ ತಂತಿಯು ಕಡಿಮೆ ಒತ್ತಡದ್ದಾದರೆ ನೆಲದಿಂದ ಕನಿಷ್ಠ 5.8 ಮೀಟರ್, 11 ಕೆ.ವಿ. ಮಾರ್ಗವಾದರೆ ಕನಿಷ್ಠ 6.1 ಮೀಟರ್ ಎತ್ತರದಲ್ಲಿರಬೇಕೆಂಬುದು ನಿಯಮ. ಕಂಬ ವಾಲಿದಲ್ಲಿ, ತಂತಿ ಜೋತುಬಿದ್ದಲ್ಲಿ ಈ ಅಂತರ ಉಳಿಯುವುದಿಲ್ಲ. ತಂತಿ ತಗುಲಿ ಕಿಡಿ ಬಿದ್ದರೆ ಹುಲ್ಲಿನ ಲಾರಿ ನಿಮಿಷಗಳಲ್ಲಿ ಉರಿದುಹೋಗುತ್ತದೆ. ಹೊರೆಯ ಮೇಲೆ ಕೂಲಿಕಾರರನ್ನು ಕೂರಿಸುವುದಂತೂ ಜೀವಕ್ಕೇ ಎರವಾಗುತ್ತದೆ.

ಕಬ್ಬಿಣದ ಸರಳು: ಬರಿಯ ಹಗ್ಗ ಸಾಲದು, ಹರಿತ ಅಂಚಿಗೆ ಉಜ್ಜಿ ತುಂಡಾಗುತ್ತದೆ. ಸರಪಳಿ ಅಥವಾ ಬಿಗಿಯುವ ಬೆಲ್ಟ್ ಬಳಸಬೇಕು. ಸರಳಿನ ತುದಿ ಲಾರಿಯ ಹಿಂದಕ್ಕೆ ಚಾಚಿರಬಾರದು.

3. ಕಾನೂನು

ಮೋಟಾರು ವಾಹನಗಳ ಅಧಿನಿಯಮ, 1988ರ 194ನೇ ಪ್ರಕರಣಕ್ಕೆ 2019ರಲ್ಲಿ ತಿದ್ದುಪಡಿಯಾಗಿದೆ. ಅದರಂತೆ ಮಿತಿಮೀರಿದ ತೂಕಕ್ಕೆ ರೂ. 20,000 ಹಾಗೂ ಹೆಚ್ಚುವರಿ ಪ್ರತಿ ಟನ್‌ಗೆ ರೂ. 2,000 ದಂಡವಿದೆ. ಹೊರೆಯು ವಾಹನದ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಚಾಚಿದ್ದರೆ ಅಥವಾ ಎತ್ತರದ ಮಿತಿ ಮೀರಿದ್ದರೆ ರೂ. 20,000 ದಂಡವಿದೆ. ಎರಡೂ ಸಂದರ್ಭಗಳಲ್ಲಿ ಹೊರೆ ಇಳಿಸುವ ವೆಚ್ಚವನ್ನೂ ಭರಿಸಬೇಕು. ವಾಹನ ಓಡಿಸಿದವರಷ್ಟೇ ಅಲ್ಲದೆ, ಹಾಗೆ ಓಡಿಸಲು ಕಾರಣರಾದವರು ಮತ್ತು ಅವಕಾಶ ನೀಡಿದವರೂ ಹೊಣೆಗಾರರು. ಚಾಲಕನೊಬ್ಬನನ್ನೇ ದೂರುವುದು ಈ ಕಾರಣದಿಂದ ಸರಿಯಾಗದು.

4. ಗ್ರಾಮ ಪಂಚಾಯಿತಿಯು ಮಾಡಬಹುದಾದುದು

ವಾಹನ ತಡೆಯುವ, ದಂಡ ವಿಧಿಸುವ ಅಧಿಕಾರ ಪೊಲೀಸ್ ಮತ್ತು ಸಾರಿಗೆ ಇಲಾಖೆಗಳದು. ಸದಸ್ಯರು ತಾವೇ ವಾಹನ ತಡೆಯಲು ಮುಂದಾಗಬಾರದು. ಆದರೆ ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಬಹುದು.

(ಅ) ವ್ಯಾಪ್ತಿಯಲ್ಲಿರುವ ಕಣ, ಗಿರಣಿ, ಭಟ್ಟಿ ಹಾಗೂ ಹುಲ್ಲು ಹೇರುವ ಜಾಗಗಳನ್ನು ಪಟ್ಟಿ ಮಾಡುವುದು.

(ಆ) ಕಟಾವಿಗೆ ಮುನ್ನ ಗಿರಣಿ ಮಾಲೀಕರು, ಲಾರಿ ಮತ್ತು ಟ್ರ್ಯಾಕ್ಟರ್ ಮಾಲೀಕರು, ಚಾಲಕರು, ಹಮಾಲರು ಹಾಗೂ ರೈತರ ಸಭೆ ಕರೆಯುವುದು. ಹಮಾಲರಿಗೆ ಕೂಲಿ ಸಾಮಾನ್ಯವಾಗಿ ಚೀಲದ ಲೆಕ್ಕದಲ್ಲಿ ದೊರೆಯುತ್ತದೆ. ಕಟ್ಟಿ ಬಿಗಿಯಲು ಹಿಡಿಯುವ ಹೊತ್ತಿಗೆ ಕೂಲಿ ಇಲ್ಲದಿದ್ದರೆ ಕಟ್ಟು ಸಡಿಲವಾಗಿಯೇ ಉಳಿಯುತ್ತದೆ. ಆ ಕೂಲಿಯನ್ನೂ, ಹಗ್ಗ ಮತ್ತು ತಾಡಪಾಲಿನ ವೆಚ್ಚವನ್ನೂ ಯಾರು ಕೊಡಬೇಕೆಂಬುದು ಈ ಸಭೆಯಲ್ಲಿ ತೀರ್ಮಾನವಾಗಿ ನಡವಳಿಯಲ್ಲಿ ದಾಖಲಾಗುವುದು ಸೂಕ್ತ.

(ಇ) ಜೋತುಬಿದ್ದ ತಂತಿಗಳ ಸ್ಥಳವನ್ನು ಹತ್ತಿರದ ಕಂಬದ ಸಂಖ್ಯೆಯೊಡನೆ ಜೆಸ್ಕಾಂ ಶಾಖಾ ಕಚೇರಿಗೆ ಲಿಖಿತವಾಗಿ ತಿಳಿಸುವುದು. ತುರ್ತು ಸಂದರ್ಭದಲ್ಲಿ 1912 ಸಂಖ್ಯೆಗೆ ಕರೆ ಮಾಡುವುದು.

(ಈ) ಗ್ರಾಮದ ರಸ್ತೆಗಳಲ್ಲಿನ ಗುಂಡಿ ಹಾಗೂ ಅಳತೆ ಮೀರಿದ ಉಬ್ಬುಗಳನ್ನು ಕಟಾವಿಗೆ ಮುನ್ನವೇ ಸರಿಪಡಿಸುವುದು. ಚೆನ್ನಾಗಿ ಕಟ್ಟಿದ ಹೊರೆಯೂ ಇಂತಹ ಕಡೆ ಕುಲುಕಿ ಸಡಿಲವಾಗುತ್ತದೆ.

(ಉ) ರಸ್ತೆಯಲ್ಲಿ ಸರಕು ಬಿದ್ದಿದ್ದರೆ 112ಕ್ಕೆ ತಿಳಿಸಿ, ಕೂಡಲೇ ತೆರವುಗೊಳಿಸಲು ನೆರವಾಗುವುದು. ಚೆಲ್ಲಿದ ಭತ್ತದ ಕಾಳಿನ ಮೇಲೆ ದ್ವಿಚಕ್ರ ವಾಹನಗಳು ಜಾರುತ್ತವೆ.

ಇವುಗಳಲ್ಲಿ ಹೆಚ್ಚಿನವಕ್ಕೆ ವಿಶೇಷ ಅನುದಾನದ ಅಗತ್ಯವಿಲ್ಲ. ಕಟಾವು ಆರಂಭವಾಗುವ ಮುಂಚಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಪ್ರತಿ ಹೇರುವ ಜಾಗಕ್ಕೂ ಒಬ್ಬ ಸದಸ್ಯರಿಗೆ ಹೊಣೆ ವಹಿಸುವುದು ಮೊದಲ ಹೆಜ್ಜೆಯಾಗಿದೆ.