ಚುರುಕಾದ ಹಿರಿಯರಿಗೂ ವಿಟಮಿನ್ ಮಾತ್ರೆ ಬೇಕೇ?

ಟೀವಿಯಲ್ಲಿ ಬರುವ ವಿಟಮಿನ್ ಮಾತ್ರೆಯ ಜಾಹೀರಾತನ್ನು ನೀವೂ ನೋಡಿರ್ತೀರಿ. ಬೆಳ್ಳಿಕೂದಲಿನ ತಾತ ಮೊಮ್ಮಗನ ಜೊತೆ ಓಡ್ತಾರೆ. ಅಜ್ಜಿ ಸರಸರನೆ ಮೆಟ್ಟಿಲು ಹತ್ತುತ್ತಾರೆ. ಗಮನಿಸಿದಿರಾ? ಅಲ್ಲಿ ಕಾಯಿಲೆಯವರು ಯಾರೂ ಇಲ್ಲ! ಗಟ್ಟಿಮುಟ್ಟಾಗಿರುವವರಿಗೇ, "ಈ ಚುರುಕು ನಾಳೆ ಹೋಗಿಬಿಟ್ಟರೆ?" ಎಂಬ ಅಳುಕು ಹುಟ್ಟಿಸುವುದು ಅದರ ಜಾಣತನ. ಅತ್ತೆ-ಮಾವ ಚೆನ್ನಾಗಿರಲಿ ಅಂತ ಡಬ್ಬಿ ಕೊಳ್ಳುವವರು ನಾವು.

ಜಾಹೀರಾತಿನಲ್ಲಿ ಬರೀ 'ಲವಲವಿಕೆ', 'ಚೈತನ್ಯ' ಎಂಬ ಮಾತುಗಳೇ ಏಕೆ? ಆಹಾರದ ಜಾಹೀರಾತುಗಳ ಬಗ್ಗೆ 2018ರಲ್ಲಿ ಬಂದ ನಿಯಮದಂತೆ, ಅನುಮತಿಯಿಲ್ಲದೆ ರೋಗ ವಾಸಿಮಾಡುತ್ತೇವೆ ಎನ್ನುವ ಹಾಗಿಲ್ಲ. ಲವಲವಿಕೆಯನ್ನಾದರೋ ಅಳೆಯುವವರು ಯಾರು? ಅಮೆರಿಕದ ತಜ್ಞರ ಮಂಡಳಿಯೊಂದು 2022ರಲ್ಲಿ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಮಲ್ಟಿವಿಟಮಿನ್ ಮಾತ್ರೆ ಹೃದ್ರೋಗವನ್ನೋ ಕ್ಯಾನ್ಸರನ್ನೋ ತಡೆಯುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು.

ಹಾಗಂತ ವಿಟಮಿನ್ನೇ ಬೇಡವೆಂದಲ್ಲ. ವಯಸ್ಸಾದಂತೆ ಕೆಲವರ ಹೊಟ್ಟೆ ಬಿ12 ವಿಟಮಿನ್ನನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸಸ್ಯಾಹಾರಿಗಳಿಗೆ ಅದು ಸಿಗುವುದು ಮುಖ್ಯವಾಗಿ ಹಾಲು, ಮೊಸರಿನಿಂದ. ಸಕ್ಕರೆ ಕಾಯಿಲೆಗೆ ಬಹಳ ವರ್ಷ ಮೆಟ್‌ಫಾರ್ಮಿನ್ ನುಂಗುವವರಲ್ಲೂ ಇದು ಕಡಿಮೆಯಾಗಬಹುದು. ಮನೆಯೊಳಗೇ ಇರುವವರಿಗೆ ಬಿಸಿಲಿನ ಡಿ ವಿಟಮಿನ್ನೂ ಸಾಲದು. ಎರಡನ್ನೂ ರಕ್ತಪರೀಕ್ಷೆಯಲ್ಲಿ ತಿಳಿಯಬಹುದು. ಕೊರತೆ ಕಂಡರೆ ಎಷ್ಟು ಬೇಕು, ಎಷ್ಟು ದಿನ ಎಂದು ವೈದ್ಯರು ಹೇಳ್ತಾರೆ.

"ತಿಂದರೇನು ನಷ್ಟ?" ಅನ್ನಬೇಡಿ. ನಷ್ಟವಿದೆ!

* ಹೃದಯದ ತೊಂದರೆಗೆ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಕೊಟ್ಟಿದ್ದರೆ, ಕೆ ವಿಟಮಿನ್ ಇರುವ ಮಾತ್ರೆ ಆ ಔಷಧಿಯ ಬಲವನ್ನೇ ಕುಗ್ಗಿಸುತ್ತದೆ.
* ಡಿ ವಿಟಮಿನ್ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ಮೂತ್ರಪಿಂಡಕ್ಕೆ ಪೆಟ್ಟಾಗಬಹುದು.
* ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ಹೃದಯದ ತೊಂದರೆ ಕಾರಣವಾಗಿರಬಹುದು. "ಹೇಗೂ ಮಾತ್ರೆ ತಗೋತಿದ್ದಾರಲ್ಲ" ಎಂದು ಸುಮ್ಮನಿದ್ದರೆ ನಿಜವಾದ ಕಾಯಿಲೆ ಒಳಗೇ ಬೆಳೆಯುತ್ತದೆ.

ಆದ್ದರಿಂದ ಒಂದು ಕೆಲಸ ಮಾಡಿ. ಹಿರಿಯರು ನುಂಗುವ ಎಲ್ಲ ಮಾತ್ರೆ, ಟಾನಿಕ್, ಪುಡಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು, ಮುಂದಿನ ಸಲ ವೈದ್ಯರ ಮುಂದಿಡಿ. "ಇದರಲ್ಲಿ ಬೇಕಾದ್ದು ಯಾವುದು, ಬೇಡದ್ದು ಯಾವುದು?" ಎಂದು ಕೇಳಿ. ಕೇಳೋಕೆ ಸಂಕೋಚ ಬೇಡ.

ಬೇಡವೆಂದ ಡಬ್ಬಿಯ ದುಡ್ಡು ಉಳಿದರೆ ಅವರಿಗೊಂದು ಲೋಟ ಹಾಲು, ಒಂದು ಹಣ್ಣು, ಹೆಸರುಕಾಳಿನ ಉಸಲಿಗೆ ಆದೀತು. ಸಂಜೆ ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆದು ಬನ್ನಿ; ಅದಕ್ಕಂತೂ ಕಾಸು ಬೇಕಿಲ್ಲ!