ಮನೆತನದ ಬಂಡಿ

ನವಲಗುಂದದಿಂದ ಅಣ್ಣಿಗೇರಿಯವರೆಗೆ ಹಬ್ಬಿರುವ ಎರೆಭೂಮಿಯಲ್ಲಿ ತಲೆತಲಾಂತರದಿಂದ ಒಕ್ಕಲುತನ ಮಾಡಿಕೊಂಡು ಬಂದ ಮನೆತನಗಳು ಹೊಲ, ಎತ್ತು, ಹಗೇವುಗಳೊಡನೆ ಎಣಿಸುತ್ತಿದ್ದ ಇನ್ನೊಂದು ಆಸ್ತಿಯೆಂದರೆ ಮನೆಯ ಬಂಡಿ. ಗೊಬ್ಬರ, ಮೇವು, ಕಾಳುಕಡಿಗಳನ್ನು ಹೇರಲು ಚಕ್ಕಡಿ. ಮದುವೆಯ ದಿಬ್ಬಣಕ್ಕೆ, ಬೀಗರೂರಿಗೆ, ಜಾತ್ರೆಗೆ ಕಮಾನು ಕಟ್ಟಿದ ಹಗುರಾದ ಸವಾರಿ ಬಂಡಿ. ಅಜ್ಜನು ಮಾಡಿಸಿದ ಬಂಡಿಯನ್ನು ಮೊಮ್ಮಗನು ಹೂಡುವುದು ಈ ಸೀಮೆಯಲ್ಲಿ ಅಪೂರ್ವ ಸಂಗತಿಯಾಗಿರಲಿಲ್ಲ. ಮರದ ವಸ್ತುವೊಂದು ಬಿಸಿಲು, ಮಳೆ, ಕೆಸರುಗಳನ್ನು ತಾಳಿ ಅಷ್ಟು ಕಾಲ ಬಾಳಿದ ಬಗೆಯನ್ನು ಅರಿಯಬೇಕಾದರೆ, ಅದರ ನಿರ್ಮಾಣವನ್ನೂ ಅದನ್ನು ಸಲಹಿದ ಗ್ರಾಮವ್ಯವಸ್ಥೆಯನ್ನೂ ಕೂಡಿಯೇ ನೋಡಬೇಕು.

ಬಯಲುಸೀಮೆಯಲ್ಲಿ ದೊಡ್ಡ ಮರಗಳು ವಿರಳ. ಹೊಲದ ಬದುವಿನ ಕರಿಜಾಲಿ ಗಾಲಿಗೆ ಒದಗಿದರೆ, ಸಾಗವಾನಿ, ಮತ್ತಿಗಳಿಗಾಗಿ ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಕಡೆಗೆ ನೋಡಬೇಕು. ಬಡಿಗೇರನು ಗಾಲಿಯ ನಡುವಿನ ಗುಂಬಕ್ಕೆ ತೂತು ಕೊರೆದು, ಅರಗಳನ್ನು ಕೂರಿಸಿ, ಅವುಗಳ ತುದಿಗೆ ಬಾಗಿದ ಮರದ ತುಂಡುಗಳನ್ನು ಜೋಡಿಸಿ ವೃತ್ತವನ್ನು ಮುಗಿಸುವನು. ಬಳಿಕ ಕಮ್ಮಾರನ ಸರದಿ. ಗಾಲಿಯ ಸುತ್ತಳತೆಗಿಂತ ತುಸುವೇ ಕಿರಿದಾದ ಕಬ್ಬಿಣದ ಹಳಿಯನ್ನು ನೆಲದ ಮೇಲೆ ಮಲಗಿಸಿ, ಸುತ್ತಲೂ ಕುಳ್ಳು ಒಟ್ಟಿ ಉರಿ ಹಚ್ಚುವರು. ಕಾದು ಹಿಗ್ಗಿದ ಹಳಿಯನ್ನು ನಾಲ್ಕಾರು ಜನ ಇಕ್ಕಳಗಳಿಂದ ಎತ್ತಿ ತಂದು ಗಾಲಿಗೆ ತೊಡಿಸಿ ಬಡಿಯುತ್ತಿರುವಂತೆಯೇ ಮರವು ಹೊತ್ತಿಕೊಳ್ಳತೊಡಗುವುದು. ಆ ಕ್ಷಣಕ್ಕೆ ಕೊಡಗಟ್ಟಲೆ ನೀರು ಸುರಿದರೆ, ಹೊಗೆ ಹಬೆಗಳ ನಡುವೆ ಕಬ್ಬಿಣವು ಕುಗ್ಗಿ, ಸಡಿಲವಿದ್ದ ಸಂದುಗಳೆಲ್ಲ ಸದ್ದು ಮಾಡುತ್ತ ಬಿಗಿದುಕೊಳ್ಳುವುವು. ಬೇಸಿಗೆಯಲ್ಲಿ ಮರ ಒಣಗಿ ಹಳಿ ಸಡಿಲಾದರೆ ಗಾಲಿಯನ್ನು ಹೊಂಡದಲ್ಲಿ ನೆನೆಯಿಡಬೇಕು. ಅಚ್ಚು ಸವೆಯದಂತೆ ಕಾಲಕಾಲಕ್ಕೆ ಕೀಲೆಣ್ಣೆ ಹಾಕಬೇಕು. ಇವು ಒಕ್ಕಲಿನ ಮನೆಯ ಹುಡುಗರಿಗೆ ಹಿರಿಯರು ಹೇಳಿಕೊಡುತ್ತಿದ್ದ ಮೊದಲ ಪಾಠಗಳು.

ಈ ಬಂಡಿಗಳು ಊರ ಸೀಮೆಯನ್ನಷ್ಟೇ ಸುತ್ತಿದವಲ್ಲ. ರೈಲುಮಾರ್ಗ ಬರುವುದಕ್ಕೆ ಮುನ್ನ ಧಾರವಾಡದ ಹತ್ತಿಯು ಬಂಡಿಗಳ ಮೇಲೆ ಸಹ್ಯಾದ್ರಿಯ ಘಟ್ಟಗಳನ್ನಿಳಿದು ಕುಮಟೆಯ ಬಂದರನ್ನು ಸೇರಿ, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಸಾಗುತ್ತಿತ್ತು. ಎರೆಯ ಹೊಲದಲ್ಲಿ ಬೆಳೆದ ಹತ್ತಿಗೆ ವ್ಯಾಪಾರಿಗಳ ಬಾಯಲ್ಲಿ ‘ಕುಮಟಾ’ ಎಂಬ ಕಡಲತೀರದ ಹೆಸರೇ ನೆಲೆಗೊಂಡಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ದುರ್ಲಭವಾದಾಗ, ಇಲ್ಲಿಯ ಹತ್ತಿಗೆ ಬೇಡಿಕೆ ಏರಿ ಬಂಡಿಯ ಬಾಡಿಗೆಯೇ ಒಂದು ಸಂಪಾದನೆಯಾಯಿತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದ ಮೇಲೆ ದೂರದ ಹೇರಾಟ ತಗ್ಗಿತಾದರೂ, ಹೊಲದಿಂದ ಮನೆಗೂ ಮನೆಯಿಂದ ಪೇಟೆಗೂ ಬಂಡಿಯೇ ಗತಿಯಾಗಿ ಉಳಿಯಿತು.

ಬಂಡಿಯು ಮನೆತನದ್ದಾದರೂ ಅದರ ಆಯುಷ್ಯವು ಊರಿನ ಕೈಯಲ್ಲಿತ್ತು. ಬಡಿಗೇರ, ಕಮ್ಮಾರರಿಗೆ ಸುಗ್ಗಿಯ ಕಣದಿಂದಲೇ ಕಾಳಿನ ರೂಪದ ಆಯ ಸಲ್ಲುತ್ತಿದ್ದುದರಿಂದ, ಅರವೊಂದು ಮುರಿದರೆ, ನೊಗವೊಂದು ಸೀಳಿದರೆ ಒಡನೆಯೇ ದುರಸ್ತಿಯಾಗುತ್ತಿತ್ತು. ಹೀಗೆ ಕಾಲಕ್ರಮದಲ್ಲಿ ಗಾಲಿ, ಅಚ್ಚು, ಮೂಕಿಗಳೆಲ್ಲ ಒಂದೊಂದಾಗಿ ಬದಲಾದರೂ ಅದು ಅಜ್ಜನ ಬಂಡಿಯೆಂದೇ ಕರೆಯಿಸಿಕೊಳ್ಳುತ್ತಿತ್ತು. ಹಾಗೆ ಕರೆದುದರಲ್ಲಿ ತಪ್ಪೂ ಇರಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಸಂದದ್ದು ಮರಕ್ಕಿಂತ ಹೆಚ್ಚಾಗಿ ಆ ಜೋಪಾನದ ಹೊಣೆ.

ಟ್ರಾಕ್ಟರು ಬಂದಿದೆ, ಉಳಿದ ಚಕ್ಕಡಿಗಳಲ್ಲಿ ಅನೇಕವು ರಬ್ಬರಿನ ಗಾಲಿ ತೊಟ್ಟಿವೆ. ಆದರೂ ಬನದ ಹುಣ್ಣಿವೆ, ಭಾರತ ಹುಣ್ಣಿವೆಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಎತ್ತುಗಳಿಗೆ ಝೂಲ ಹೊದಿಸಿ, ಕೊರಳಿಗೆ ಗೆಜ್ಜೆಸರ ಕಟ್ಟಿ, ಕಡಕ್ ರೊಟ್ಟಿಯ ಬುತ್ತಿಯೊಡನೆ ಬಂಡಿ ಹೂಡಿಕೊಂಡು ಹೊರಡುವ ಮನೆತನಗಳು ಇನ್ನೂ ಇವೆ. ಅವರು ಸಲ್ಲಿಸುತ್ತಿರುವ ಸೇವೆ ದೇವಿಗಷ್ಟೇ ಅಲ್ಲ. ಜಾತ್ರೆಗೆ ಹೊರಡುವ ಮುನ್ನ ಗಾಲಿ ತೋರಿಸಲು ಬಡಿಗೇರನ ಬಳಿಗೆ ಹೋಗಲೇಬೇಕಾಗುವುದರಿಂದ, ಆ ವಿದ್ಯೆಯು ಕೈಯಲ್ಲಿ ಉಳಿಯುತ್ತದೆ. ಹಳೆಯ ಬಂಡಿಯನ್ನು ಅಂಗಳದಲ್ಲಿ ಬಣ್ಣ ಬಳಿದು ನಿಲ್ಲಿಸಿದರೆ ಮರ ಉಳಿದೀತು. ವರ್ಷಕ್ಕೊಮ್ಮೆಯಾದರೂ ಹೂಡಿದರೆ ಬಂಡಿಯ ಜೊತೆಗೆ ಬಡಿಗೇರನ ಉಳಿಯೂ ಕಮ್ಮಾರನ ಕುಲುಮೆಯೂ ಉಳಿಯುವುವು. ಬಂಡಿಯುಳ್ಳ ಮನೆತನದವರು ಇದನ್ನು ತಮ್ಮ ಕರ್ತವ್ಯವೆಂದು ಭಾವಿಸಲಿ.